ಏಡಿಯ ಗೆರೆಗಳು

ಕೊಕ್ಕರೆಗೆ ಹೆದರಿ ಮರಳ ಮೇಲೆ ಅಡ್ಡಾದಿಡ್ಡಿ ಓಡಿದ ಏಡಿ ಕೊನೆಗೆ ಸಿಕ್ಕಿಬಿತ್ತು. "ನನ್ನ ಚಿತ್ರ ತುಳಿಯಬೇಡಿ ಸ್ವಾಮಿ," ಎಂದು ತನ್ನ ಕಾಲಿನ ಗೀರುಗಳನ್ನು ತೋರಿಸಿತು. ಕೊಕ್ಕರೆಗೆ ತಲೆಬುಡ ತಿಳಿಯಲಿಲ್ಲ. ಹಾಗೆನ್ನಲು ನಾಚಿಕೆಯಾಗಿ, "ಬಹಳ ಆಳವಾಗಿದೆ," ಎಂದು ತಲೆದೂಗಿತು. ಆಮೇಲೆ ಕೊಕ್ಕರೆಗಳ ಹಿಂಡೇ ನೋಡಲು ಬಂತು. ಏಡಿ ದಿನವೂ ಗೆರೆ ಎಳೆದು ದೊಡ್ಡ ಕಲಾವಿದನೆನಿಸಿಕೊಂಡಿತು. ಆದರೂ ತನ್ನನ್ನು ನಿಜವಾಗಿ ಬಲ್ಲವರಿಲ್ಲವೆಂಬ ಕೊರಗು ಅದಕ್ಕೆ ತಪ್ಪಲಿಲ್ಲ.

ಒಂದು ಸಂಜೆ ಮುದಿ ಕೊಕ್ಕರೆಯೊಂದು, "ಗುರುಗಳೇ, ನನಗೇನೂ ಅರ್ಥವಾಗಲಿಲ್ಲ. ಬಿಡಿಸಿ ಹೇಳುತ್ತೀರಾ?" ಎಂದು ಕೇಳಿತು.

ಏಡಿಯ ಕಣ್ಣು ತುಂಬಿತು. "ಮೊದಲನೆಯದು ನಿಮ್ಮವರಿಗೆ ಹೆದರಿ ಓಡಿದ ಗುರುತು. ಉಳಿದವೆಲ್ಲ ಅದರ ನಕಲು."

"ಈಗ ಅರ್ಥವಾಯಿತು," ಎಂದು ಕೊಕ್ಕರೆ ಏಡಿಯನ್ನು ನುಂಗಿತು.

ಮರುದಿನದ ಸಂತಾಪ ಸಭೆಯಲ್ಲಿ ಭಾಷಣ ಮಾಡಿದ್ದೂ ಆ ಮುದಿ ಕೊಕ್ಕರೆಯೇ. ಕಲಾವಿದನನ್ನು ಅಷ್ಟು ಹತ್ತಿರದಿಂದ ಬಲ್ಲವರು ಬೇರೆ ಯಾರೂ ಇರಲಿಲ್ಲ.