ನೊಗದ ಇನ್ನೊಂದು ಬದಿ

"ಬುದ್ಧಿ, ಚೆನ್ನಾಗಿ ಕಲಿಸಬಲ್ಲವರೇ ಯಾಕೆ ಮೊದಲು ಬಿಟ್ಟು ಹೋಗುತ್ತಾರೆ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಮಠದ ಶಾಲೆಯ ಹೆಡ್‌ಮಾಸ್ತರ ಪರ್ವತಯ್ಯ. ಅವರ ಬಳಿಯೇ ಓದಿ ಬೆಳೆದ ಶಿಷ್ಯ. ಅವನ ಕೈಯಲ್ಲಿ ಗಂಗಾಂಬಿಕೆ ಮೇಡಂ ಬೆಳಿಗ್ಗೆ ಕೊಟ್ಟ ರಾಜೀನಾಮೆ ಪತ್ರವಿತ್ತು. ಇಪ್ಪತ್ತಮೂರು ವರ್ಷ ಗಣಿತ ಹೇಳಿಕೊಟ್ಟವರು. ನಿವೃತ್ತಿಗೆ ಇನ್ನೂ ಹನ್ನೆರಡು ವರ್ಷವಿತ್ತು. ಪತ್ರದಲ್ಲಿ ಕಾರಣ ಕಾಣಿಸಿರಲಿಲ್ಲ. "ಇನ್ನು ನನ್ನಿಂದ ಆಗುವುದಿಲ್ಲ" ಎಂದಷ್ಟೇ ಬರೆದಿದ್ದರು.

ಪರ್ವತಯ್ಯನಿಗೆ ಸಂಕಟವಾಗಿತ್ತು. ಸಂಕಟಕ್ಕಿಂತ ಹೆಚ್ಚಾಗಿ ಸೋಜಿಗವಾಗಿತ್ತು.

"ಎರಡು ವರ್ಷದಲ್ಲಿ ಹೀಗೆ ಹೋಗುತ್ತಿರುವವರಲ್ಲಿ ಇವರು ಮೂರನೆಯವರು ಬುದ್ಧಿ. ಹೊಸಬರು ತಡವರಿಸಿಕೊಂಡಾದರೂ ಉಳಿಯುತ್ತಾರೆ. ಇವರಿಗೆ ಏನು ಕಡಿಮೆ ಮಾಡಿದ್ದೇವೆ? ಪೀರಿಯಡ್ಡು ಎಲ್ಲರಷ್ಟೇ. ಹೋದ ವರ್ಷ ಶಾಲು ಹೊದಿಸಿ ಸನ್ಮಾನ ಮಾಡಿದೆವು. ಹೊಸದಾಗಿ ಬಂದವರನ್ನೆಲ್ಲ ಇವರ ತರಗತಿಯಲ್ಲೇ ಕೂರಿಸಿ ತಿದ್ದಿಸಿದೆ. ತಯಾರಾದ ಕೂಡಲೇ ಅವರನ್ನು ಮಠದ ಬೇರೆ ಶಾಲೆಗಳಿಗೆ ಕಳಿಸಿದೆ. ಯಾರ ಮಾತೂ ಕೇಳದ ಮಕ್ಕಳನ್ನು ಇವರ ಸೆಕ್ಷನ್ನಿಗೇ ಹಾಕಿದೆ. ಅಷ್ಟು ನಂಬಿಕೆ ನನಗೆ. ಸೋಮವಾರ ಇನ್ನಿಬ್ಬರು ಹೊಸಬರು ಬರುತ್ತಿದ್ದಾರೆ. ಇವರು ಹೊರಟುಹೋದರೆ ಅವರನ್ನು ತಿದ್ದುವವರು ಯಾರು?"

ಗುರುಗಳು ಪತ್ರವನ್ನು ತೆಗೆದುಕೊಂಡು ಮಗ್ಗುಲಿಗೆ ಇಟ್ಟರು. "ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನಲ್ಲಿ ಒಂದು ಎತ್ತಿತ್ತು. ಪಳಗದ ಹೋರಿಗೆ ಉಳುಮೆ ಕಲಿಸುವುದು ಪಳಗಿದ ಎತ್ತಿನ ಜೊತೆ ಹೂಡಿಯೇ ತಾನೇ? ಆ ಕೆಲಸದಲ್ಲಿ ಈ ಎತ್ತನ್ನು ಮೀರಿಸುವ ಎತ್ತು ಸುತ್ತಮುತ್ತ ಎಲ್ಲೂ ಇರಲಿಲ್ಲ. ಹೋರಿ ಮುಂದಕ್ಕೆ ನುಗ್ಗಿದರೆ ಇದು ತಡೆಯುತ್ತಿತ್ತು. ನಿಂತರೆ ಅದರ ಪಾಲನ್ನೂ ತಾನೇ ಎಳೆಯುತ್ತಿತ್ತು. ಪಕ್ಕಕ್ಕೆ ವಾಲಿದರೆ ಹೆಗಲು ಕೊಟ್ಟು ಸಾಲಿಗೆ ತರುತ್ತಿತ್ತು. ಎಂಥ ತುಂಟ ಹೋರಿಯೂ ಒಂದು ಉಳುಮೆ ಮುಗಿಯುವುದರೊಳಗೆ ದಾರಿಗೆ ಬರುತ್ತಿತ್ತು.

ಹಾಗೆ ಪಳಗಿದ ಮೊದಲ ಹೋರಿಯನ್ನು ರೈತ ತಮ್ಮನಿಗೆ ಕೊಟ್ಟ. ಎತ್ತಿನ ಪಕ್ಕಕ್ಕೆ ಇನ್ನೊಂದು ಹೊಸ ಹೋರಿ ಬಂತು. ಅದೂ ಪಳಗಿತು. ಅದನ್ನು ಅಳಿಯನಿಗೆ ಕೊಟ್ಟ. ಆಮೇಲೆ ಊರಿನವರೂ ತಮ್ಮ ಹೋರಿಗಳನ್ನು ಹಿಡಿದುಕೊಂಡು ಬಂದರು. ರೈತ ಯಾರಿಗೂ ಇಲ್ಲವೆನ್ನಲಿಲ್ಲ. ಎತ್ತಿನ ಮೇಲೆ ಅವನಿಗೆ ಅಷ್ಟು ಹೆಮ್ಮೆ.

ಒಂಬತ್ತನೆಯ ವರ್ಷ ಎತ್ತು ಉಳುತ್ತಿದ್ದ ಹಾಗೆಯೇ ಸಾಲಿನಲ್ಲಿ ಕೂತುಬಿಟ್ಟಿತು.

ರೈತನಿಗೆ ಏನೂ ಅರ್ಥವಾಗಲಿಲ್ಲ. ಗೊರಸು ಎತ್ತಿ ನೋಡಿದ, ಮುಳ್ಳಿರಲಿಲ್ಲ. ಬಾಯಿ ಬಿಡಿಸಿ ನೋಡಿದ, ಹಲ್ಲು ಗಟ್ಟಿಯಾಗಿದ್ದವು. ಉಳುಮೆಯನ್ನು ಅರ್ಧಕ್ಕೆ ಇಳಿಸಿದ. ಎತ್ತು ಕೂತಿತು. ಹುರುಳಿ ಬೇಯಿಸಿ ತಿನ್ನಿಸಿದ. ತಿಂದು ಕೂತಿತು. ಕೊರಳಿಗೆ ಹೊಸ ಗೆಜ್ಜೆ ಕಟ್ಟಿ ಊರೆಲ್ಲ ಮೆರೆಸಿದ. ಮರುದಿನ ಗೆಜ್ಜೆ ಸಮೇತ ಕೂತಿತು. ನೋಡಿದವರು ವಯಸ್ಸಾಯಿತು ಎಂದರು. ಕೊನೆಗೆ ರೈತ ಅದನ್ನು ಸಂತೆಗೆ ಹೊಡೆಯುವುದೆಂದು ತೀರ್ಮಾನಿಸಿದ. ಅವತ್ತು ಅವನಿಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಬೆಲ್ಲದ ಗಾಡಿಯ ವ್ಯಾಪಾರಿಯೊಬ್ಬ ಆ ದಾರಿಯಲ್ಲಿ ಬಂದ. ಅವನ ಜೋಡಿಯಲ್ಲಿ ಒಂದು ಎತ್ತು ಕುಂಟುತ್ತಿತ್ತು. ನಾಲ್ಕು ದಿನದ ಮಟ್ಟಿಗೆ ಒಂದು ಎತ್ತು ಬೇಕೆಂದು ಕೇಳಿದ. ಇದು ಕೂರುವ ಎತ್ತು ಎಂದು ರೈತ ಮೊದಲೇ ಹೇಳಿ ಕೊಟ್ಟ. ಐದನೆಯ ದಿನ ಎತ್ತು ಕಿವಿ ನಿಮಿರಿಸಿಕೊಂಡು ತಿರುಗಿ ಬಂತು. ಹೋಗುವಾಗಲೂ ಬರುವಾಗಲೂ ಗಾಡಿಯ ತುಂಬ ಹೇರು ಇತ್ತು. ಒಂದು ಸಲವೂ ಕೂತಿರಲಿಲ್ಲ.

"ಅದೇನ್ ಮದ್ದು ಹಾಕ್ದಪ್ಪ ಇದಕ್ಕೆ?" ಎಂದು ರೈತ ಕೇಳಿದ.

"ಮದ್ದೂ ಇಲ್ಲ ಏನೂ ಇಲ್ಲ ಕಣಣ್ಣ" ಎಂದ ವ್ಯಾಪಾರಿ. "ನನ್ನೆತ್ತೂ ಹತ್ತು ವರ್ಷ ನೊಗ ಹೊತ್ತದ್ದು. ಎರಡೂ ಒಂದೇ ಹೆಜ್ಜೇಲಿ ಹೋದೋ, ಒಂದೇ ಹೆಜ್ಜೇಲಿ ಬಂದೋ. ಅಷ್ಟೇಯ."

ರೈತನಿಗೆ ಎಲ್ಲಿಲ್ಲದ ಖುಷಿಯಾಯಿತು. ಎತ್ತು ಸರಿಹೋಯಿತೆಂದು ಊರಿಗೆಲ್ಲ ಹೇಳಿದ. ಮರುದಿನ ಬೆಳಿಗ್ಗೆ ಅದರ ಪಕ್ಕಕ್ಕೆ ಹೊಸ ಹೋರಿಯೊಂದನ್ನು ತಂದು ನಿಲ್ಲಿಸಿದ. ಎತ್ತು ಹೋರಿಯನ್ನು ಒಮ್ಮೆ ನೋಡಿತು. ನೊಗ ಹೆಗಲಿಗೆ ಬರುವ ಮೊದಲೇ ಕೂತಿತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಪರ್ವತಯ್ಯ ಜೋರಾಗಿ ನಕ್ಕ. "ಎಂಥ ಮಂಕು ಮುಂಡೇದು ಬುದ್ಧಿ ಆ ರೈತ! ಬೆಲ್ಲದವನು ಬಾಯಿಬಿಟ್ಟು ಹೇಳಿದರೂ ತಲೆಗೆ ಹೋಗಲಿಲ್ಲವಲ್ಲ. ಗೊರಸು ನೋಡಿದ, ಹಲ್ಲು ನೋಡಿದ. ನೊಗದ ಇನ್ನೊಂದು ಬದಿಯಲ್ಲಿ ಏನಿದೆ ಅಂತ ಒಂದು ಸಲವಾದರೂ ನೋಡಬಾರದಿತ್ತೇ? ಪಾಪ, ಒಂಬತ್ತು ವರ್ಷದಲ್ಲಿ ಅವನ ಹೊಲದಲ್ಲಿ ಅದಕ್ಕೆ ಒಂದು ದಿನವೂ ಸರಿಜೋಡಿ ಸಿಗಲಿಲ್ಲ."

ಗುರುಗಳು ತಲೆದೂಗಿದರು. ಪತ್ರವನ್ನು ಎತ್ತಿ ಅವನ ಕೈಗೆ ಮರಳಿ ಕೊಟ್ಟರು.

"ಸೋಮವಾರ ಬರುವ ಆ ಇಬ್ಬರನ್ನು ಯಾರ ಪಕ್ಕಕ್ಕೆ ಕಟ್ಟೋಣ ಅಂತಿದ್ದೆ, ಪರ್ವತಯ್ಯ?"