ತವರಿಗೆ ಬಂದ ಬೆಳೆ

ಹೊಳೆ ಕಡಲಿಗೆ ಸೇರುವ ಒಂದಾನೊಂದು ಊರಲ್ಲಿ ಮಾಂಕಾಳಿ ಅಂತ ಒಬ್ಬಳಿದ್ದಳಂತೆ. ಅವಳಿಂದ ಬಾಳುವುದು ಆಗೋದಿಲ್ಲ ಅಂತ ಮೊದಲು ಹೇಳಿದವನು ಹಿರಿಯಣ್ಣ. ಆಮೇಲೆ ನಡುವಿನಣ್ಣ. ಆಮೇಲೆ ಕಿರಿಯಣ್ಣ. ಆಮೇಲೆ ಊರಿಗೆ ಊರೇ ಹೇಳಿತಂತೆ.

ಅಪ್ಪ ಸತ್ತ ಮೇಲೆ ಪಾಲಾಯಿತು. ದೋಣಿ ಹಿರಿಯಣ್ಣನಿಗೆ, ಬಲೆ ನಡುವಿನವನಿಗೆ, ಮನೆ ಮತ್ತು ತೆಂಗು ಕಿರಿಯವನಿಗೆ. ಮಾಂಕಾಳಿಗೆ ಕಡಲ ದಂಡೆಯ ಬರೀ ಮರಳು, ಜೊತೆಗೊಂದು ಹೇಂಟೆ.

"ಮರಳು ಹುರಿದುಕೊಂಡು ತಿನ್ನು ಮಾರಾಯ್ತಿ," ಅಂದನಂತೆ ಹಿರಿಯಣ್ಣ. "ಅದೂ ಆಗದಿದ್ದರೆ ನಮ್ಮ ಮೂರು ಮನೆಯ ಒಲೆ ಬೂದಿ ತೆಗೆದುಕೊಂಡು ಬಿದ್ದಿರು."

"ಬೂದಿ ನಿಮ್ಮ ಹೆಂಡಿರು ತೆಗೀಲಿ ಅಣ್ಣಾ. ನಾನು ನನ್ನ ಮರಳಲ್ಲಿರ್ತೇನೆ."

ಆ ಸೀಮೆಯಲ್ಲಿ ಅರಸನದೊಂದು ಕಟ್ಟಳೆ ಇತ್ತಂತೆ. ಪಾಲಿಗೆ ಬಂದ ನೆಲದಲ್ಲಿ ಮೂರು ವರ್ಷದೊಳಗೆ ಒಂದು ಬೆಳೆ ತೋರಿಸಬೇಕು. ತೋರಿಸದಿದ್ದರೆ ನೆಲ ಮಿಕ್ಕ ಪಾಲುದಾರರಿಗೆ.

ಮೊದಲ ವರ್ಷ ಸೌತೆ ಹಾಕಿದಳು, ಉಪ್ಪುಗಾಳಿ ಸುಟ್ಟಿತು. ಗೆಣಸು ನೆಟ್ಟಳು, ಉಬ್ಬರ ತೊಳೆಯಿತು.

ಎರಡನೇ ವರ್ಷದ ಚಳಿಗಾಲ. ಒಂದು ಬೆಳಿಗ್ಗೆ ನೋಡುತ್ತಾಳೆ, ಎತ್ತಿಲ್ಲದ ಗಾಡಿಯೊಂದು ಕಡಲಿನಿಂದ ಮೇಲೆ ಬಂದು ತಿರುಗಿ ಹೋದ ಹಾಗೆ ಮರಳಿನ ಮೇಲೆ ಗುರುತು! ಗುರುತು ತಿರುಗಿದಲ್ಲಿ ಅಗೆದರೆ ಮೊಟ್ಟೆ. ಗುಂಡಗೆ, ಬೆಳ್ಳಗೆ, ಒತ್ತಿದರೆ ಗುಳಿ ಬೀಳುವಂಥವು. ಕಡಲಾಮೆಯ ಮೊಟ್ಟೆ.

"ಯಾರೋ ನನ್ನ ನೆಲದಲ್ಲಿ ಬಿತ್ತಿ ಹೋಗಿದ್ದಾರೆ. ಇದೇ ನನ್ನ ಬೆಳೆ," ಅಂದಳಂತೆ.

ನರಿಗೆ ಹೆದರಿ ಮೊಟ್ಟೆಗಳನ್ನು ಮರಳು ತುಂಬಿದ ಬುಟ್ಟಿಯಲ್ಲಿಟ್ಟು ಗುಡಿಸಲಿಗೆ ತಂದಳು. ಕಾವಿಗೆ ಕೂತ ಹೇಂಟೆ ಕೊಕ್ಕಿನಿಂದ ಮೊಟ್ಟೆ ಮಗುಚುವುದನ್ನು ಕಂಡವಳಲ್ಲವೇ? ಬೆಳಿಗ್ಗೆ ಮಗುಚಿದಳು, ಮಧ್ಯಾಹ್ನ ಮಗುಚಿದಳು, ಸಂಜೆ ಮಗುಚಿದಳು. ಇಪ್ಪತ್ತೊಂದು ದಿನವಾಯಿತು, ಮರಿಯಿಲ್ಲ. ಇನ್ನೂ ಇಪ್ಪತ್ತೊಂದು, ಮರಿಯಿಲ್ಲ. ಆಮೇಲೆ ನಾತ ಬಂತು. ಒಂದೂ ಬಿಡದೆ ಕೊಳೆತಿದ್ದವು.

"ಆಮೆಗೆ ಕೋಳಿ ಬಾಣಂತನ ಮಾಡಿದಳಂತೆ!" ಅಂತ ಊರು ನಕ್ಕಿತು. ಮಾಂಕಾಳಿ ನಗಲಿಲ್ಲ, ಅಳಲೂ ಇಲ್ಲ. ಬುಟ್ಟಿ ತೊಳೆದಿಟ್ಟಳು.

ಮೂರನೇ ವರ್ಷ ಚಳಿ ಹಿಡಿದದ್ದೇ ಮರಳಲ್ಲೇ ಕೂತಳಂತೆ. ಒಂದು ದಿನ ಬೆಳ್ಳಿ ಮೂಡುವ ಹೊತ್ತಿಗೆ ಆಮೆ ಬಂತು. ಹಿಂಗಾಲನ್ನು ಸೌಟಿನ ಹಾಗೆ ಮಡಚಿ ಮರಳು ತೋಡಿತು. ಬೆನ್ನ ಹಿಂದೆ ಕಣ್ಣಿಲ್ಲ, ಆದರೂ ಕುಂಬಾರ ತಿರುಗಿಸಿದ ಗಡಿಗೆಯಂಥ ಗುಂಡಿ! ಕಣ್ಣಲ್ಲಿ ಮಾತ್ರ ದಳದಳ ನೀರು.

"ಯಾಕೆ ಅಳ್ತೀ ಅಕ್ಕಾ?"

"ಕುಡಿದ ಉಪ್ಪನ್ನ ಹೊರಗೆ ಹಾಕ್ತಿದ್ದೇನೆ ತಂಗೀ. ಅಳೋದಕ್ಕೆ ಪುರಸೊತ್ತೆಲ್ಲಿದೆ?" ಅಂದಿತಂತೆ ಆಮೆ.

"ಹೋದ ವರ್ಷ ನಿನ್ನ ಮಕ್ಕಳನ್ನ ನಾನೇ ಕೊಂದೆ. ಸಾಕೋದು ಹೇಗೆ, ಹೇಳಿಕೊಡು."

"ನನ್ನ ಅಬ್ಬೆಯ ಮುಖ ನಾನು ಕಂಡಿಲ್ಲ. ಈಜು ಹೇಳಿಕೊಟ್ಟವರಿಲ್ಲ, ದಾರಿ ತೋರಿಸಿದವರಿಲ್ಲ. ನೋಡಿ ಕಲಿ."

ಮಾಂಕಾಳಿ ಕಣ್ಣು ಮಿಟುಕಿಸದೆ ನೋಡಿದಳು. ಮೊಟ್ಟೆ ಬಿದ್ದ ಮಗ್ಗಲಲ್ಲೇ ಉಳಿಯಿತು. ಆಮೆ ಮರಳು ಮುಚ್ಚಿ, ಹೊಟ್ಟೆಯಿಂದ ದಬದಬ ಕುಟ್ಟಿ, ಸಾರಿಸಿದ ಅಂಗಳದ ಹಾಗೆ ಸಮ ಮಾಡಿ, ತಿರುಗಿಯೂ ನೋಡದೆ ಹೋಯಿತು. ಅಂದರೆ ಮಗುಚಬಾರದು. ತಪ್ಪು ಗೊತ್ತಾಯಿತು!

ಆದರೆ ಗುಂಡಿ ಇದ್ದದ್ದು ಉಬ್ಬರದ ನೀರು ಬರುವಲ್ಲಿ. ಆಗಿಂದಾಗಲೇ ಒಲೆಯ ಮಸಿ ತಂದು, ಮರಳು ಸರಿಸಿ, ಪ್ರತಿ ಮೊಟ್ಟೆಯ ನೆತ್ತಿಗೂ ಎಳೆಗೂಸಿಗೆ ಇಟ್ಟ ಹಾಗೆ ಬೊಟ್ಟಿಟ್ಟಳು. ದಂಡೆಯ ಮೇಲ್ಗಡೆ ಅಂಥದೇ ಗುಂಡಿ ತೋಡಿ, ಬೊಟ್ಟು ಮೇಲಾಗಿ ಒಂದೊಂದನ್ನೇ ಇಳಿಸಿದಳು. ನೂರಾ ಹದಿನಾರು. ಸುತ್ತ ಮುಳ್ಳುಬೇಲಿ ಕಟ್ಟಿ ಕಾದಳು.

ಐವತ್ತನೇ ದಿನ ಗಡುವು ಮುಗಿಯಿತು. ಹೊತ್ತು ಇಳಿಯುವಾಗ ಅಣ್ಣಂದಿರು ಅರಸನ ಪಾರುಪತ್ಯಗಾರನನ್ನು ಕರೆತಂದರಂತೆ.

"ಬೆಳೆ ಎಲ್ಲಿ?" ಅಂದ ಪಾರುಪತ್ಯಗಾರ.

"ನೆಲದೊಳಗೆ ಒಡೆಯಾ."

"ಗೆಣಸೋ?"

ಅಣ್ಣಂದಿರು ಹೊಟ್ಟೆ ಹಿಡಿದು ನಗುತ್ತಿದ್ದಂತೆ ಮರಳು ನಡುಗಿತು, ಕುಸಿಯಿತು, ಅನ್ನದ ಗಡಿಗೆಯ ಹಾಗೆ ಕುದಿಯಿತು. ಅಂಗೈಯಲ್ಲಿ ಹಿಡಿಸುವ ಕಪ್ಪು ಮರಿಗಳು, ಒಂದರ ಮೇಲೊಂದು ಹತ್ತಿ, ಪಾರುಪತ್ಯಗಾರನ ಕಾಲ ಸಂದಿಯಿಂದ ಕಡಲಿಗೆ ಓಡಿದವು. ಅವನು ಪಂಚೆ ಎತ್ತಿಕೊಂಡು ಒಂಟಿಕಾಲಲ್ಲಿ ನಿಂತನಂತೆ.

"ಬೆಳೆ ಓಡಿಹೋಯ್ತಲ್ಲೇ!" ಅಂದ ಹಿರಿಯಣ್ಣ. "ಕೈಗೆ ಸಿಗದ್ದು ಬೆಳೆಯೇ ಒಡೆಯಾ?"

"ಒಡೆಯಾ, ನಿಮ್ಮ ಮಗಳು ಚೊಚ್ಚಲ ಹೆರಿಗೆಗೆ ಎಲ್ಲಿಗೆ ಬರ್ತಾಳೆ?" ಅಂದಳು ಮಾಂಕಾಳಿ.

"ತವರಿಗೆ."

"ಇವೂ ಬರ್ತವೆ. ಬಂದು ಇದೇ ಮರಳಲ್ಲಿ ಬಿತ್ತುತ್ತವೆ. ತಾನಾಗಿ ಬಂದು ಬಿತ್ತುವ ಬೆಳೆ ಇನ್ಯಾವ ಗದ್ದೆಯಲ್ಲಿದೆ ತೋರಿಸಿ."

ಪಾರುಪತ್ಯಗಾರ ಕಾಲು ಕೆಳಗಿಟ್ಟ. "ಏಳೂ ಏಳೂ ಹದಿನಾಲ್ಕು ವರ್ಷ ಕೊಟ್ಟೆ. ಒಂದಾದರೂ ಬಂದರೆ ಮರಳು ನಿನ್ನದು. ಬಾರದಿದ್ದರೆ ಅಣ್ಣಂದಿರದು. ಅಲ್ಲಿವರೆಗೆ ಯಾರೂ ಇಲ್ಲಿ ಅಗೆಯಕೂಡದು."

ಏಳು ಚಳಿಗಾಲ ಹೋಯಿತು, ಯಾವ ಆಮೆಯೂ ಬರಲಿಲ್ಲ. ಮತ್ತೆ ಆರು ಹೋಯಿತು, ಬರಲಿಲ್ಲ. "ಮಕ್ಕಳಿಂದ ಓಲೆ ಬಂತೇನೆ?" ಅಂತ ಅಣ್ಣಂದಿರು ಕೇಳೋರು. "ದಾರಿಯಲ್ಲಿದ್ದಾರೆ," ಅನ್ನೋಳು.

ಹದಿನಾಲ್ಕನೆಯ ಚಳಿಗಾಲ ಮುಗಿಯುತ್ತ ಬಂದಿತ್ತು. ಒಂದು ನಸುಕಲ್ಲಿ ಎಳೆಯ ಆಮೆಯೊಂದು ಮೇಲೆ ಬಂತಂತೆ. ಹಳೇ ಆಮೆಗಳ ಹಾಗೆ ಬೆನ್ನಿಗೆ ಕಡಲ ಸಿಂಪಿ ಒಂದೂ ಅಂಟಿಲ್ಲ, ತೊಳೆದ ಹಂಚಿನ ಹಾಗಿದೆ. ತೋಡಿತು, ಮರಳು ಕುಸಿಯಿತು. ಮತ್ತೆ ತೋಡಿತು, ಮತ್ತೆ ಕುಸಿಯಿತು. ಮೂರನೇ ಸಲ ತೋಡುವಾಗ, ಸುದ್ದಿ ಮುಟ್ಟಿ, ಮುದುಕನಾಗಿದ್ದ ಪಾರುಪತ್ಯಗಾರ ಕೋಲೂರಿಕೊಂಡು ಬಂದ, ಅಣ್ಣಂದಿರೂ ಬಂದರು.

"ಪಳಗಿದ ಕಾಲಲ್ಲ ಇದು. ಚೊಚ್ಚಲೇ," ಅಂದ ಮುದುಕ.

"ಇದು ಅದೇ ಮರಿ ಅನ್ನೋದಕ್ಕೆ ಏನು ಗುರುತು?" ಅಂದ ಹಿರಿಯಣ್ಣ.

"ಅಷ್ಟುದ್ದದ ಕರಾವಳಿ ಬಿಟ್ಟು ಹೆರೋದಕ್ಕೆ ಇಲ್ಲಿಗೇ ಬಂದಿದೆಯಲ್ಲೋ! ತವರಲ್ಲದೆ ಮತ್ತೇನು? ಮರಳು ಮಾಂಕಾಳಿಯದು," ಅಂದ ಮುದುಕ.

ನೂರಾ ಹದಿನಾರರಲ್ಲಿ ಬಂದದ್ದು ಅದೊಂದೇ. ಉಳಿದವನ್ನು ಕಡಲು ಏನು ಮಾಡಿತೋ. ಮಾಂಕಾಳಿ ಕೇಳಲಿಲ್ಲ. ಎದ್ದು ಒಲೆಯ ಮಸಿ ತರಲು ಹೋದಳಂತೆ.

ಈಗ ಅವಳಿಗಿರುವುದು ನಲವತ್ತು ಮಾರು ಮರಳು, ಒಂದು ಗುಡಿಸಲು, ವರ್ಷಕ್ಕೊಮ್ಮೆ ತವರಿಗೆ ಬರುವ ಆ ಒಬ್ಬಳೇ ಮಗಳು. ಅದಕ್ಕೆ ಕೊಟ್ಟದ್ದು ನರಿಯ ಬಾಯಿಗೆ ಒಂದು ಕಿರುಬೆರಳು, ಉಪ್ಪುಗಾಳಿಗೆ ಒಂದು ಕಣ್ಣು, ಬಂದು ಬಾಗಿಲಲ್ಲಿ ನಿಂತು ವಾಪಸು ಹೋದ ಎರಡು ಸಂಬಂಧ. ಆಮೆಯ ಕಡಲು ಆಮೆಗೆ, ಕೇಳಿದ ಕಥೆ ನಿಮಗೆ, ಮಾಂಕಾಳಿಯ ಮರಳು ಮಾಂಕಾಳಿಗೇ.