ಅಂಗಾಲಿನ ಗಂಟು

ಕಪಿಲೆಯ ದಂಡೆಯಲ್ಲಿ ಕಪನಯ್ಯ ಎಂಬ ಗುರುಗಳ ಮಠವಿತ್ತು. ಗುರುಗಳು ವೈದ್ಯರೂ ಹೌದು. ಶಿಷ್ಯ ಚೆನ್ನಮಲ್ಲ ಅವರ ಬಳಿ ವೈದ್ಯವಿದ್ಯೆ ಕಲಿಯುತ್ತಿದ್ದ.

ಒಂದು ಬೆಳಿಗ್ಗೆ ಗುರುಗಳ ಪಾದ ತೊಳೆಯುವಾಗ ಅಂಗಾಲಿನಲ್ಲಿ ಗಂಟೊಂದು ಅವನ ಬೆರಳಿಗೆ ತಗುಲಿತು. ಅಂಗಾಲಿನಲ್ಲಿ ಗಂಟೇಳುವುದನ್ನು ಅವನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಪ್ರಾಣ ತೆಗೆಯುವ ಅರ್ಬುದವೇ ಇರಬೇಕು ಎಂದುಕೊಂಡ.

ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಗುರುಗಳು ಕೆಮ್ಮಿದರೂ ಕಣ್ಣು ತುಂಬುತ್ತಿತ್ತು. ಪಾದಕ್ಕೆ ನೀರೇನೋ ಹಾಕುತ್ತಿದ್ದ. ಆ ಜಾಗ ಬಂದರೆ ಕೈ ತಾನಾಗಿ ಆಚೆ ಸರಿಯುತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

"ಏನಪ್ಪಾ ಮರಿ, ಅಂಗಾಲನ್ನ ಅರ್ಧಕ್ಕೇ ಬಿಡ್ತಿದ್ದೀಯಲ್ಲ?" ಎಂದರು ಗುರುಗಳು ಒಂದು ದಿನ.

ಚೆನ್ನಮಲ್ಲ ಅತ್ತೇಬಿಟ್ಟ. "ಬುದ್ಧಿ, ಆ ಗಂಟು... ನೀವು ಹೋಗ್ಬಿಟ್ರೆ ನನಗ್ಯಾರು ಗತಿ?"

"ಹೋಗೋದಿದ್ರೆ ಹೇಳೇ ಹೋಗ್ತೀನಿ. ಮೊದಲು ಮುಟ್ಟಿ ನೋಡು."

ಚೆನ್ನಮಲ್ಲ ಮುಟ್ಟಿದ. "ನುಣ್ಣಗಿದೆ. ಅಂಚು ಸಿಗುತ್ತೆ. ಒತ್ತಿದ್ರೆ ಸ್ವಲ್ಪ ಜಾರುತ್ತೆ."

"ಮುಂದೆ?"

"ಗೊತ್ತಿಲ್ಲ ಬುದ್ಧಿ."

"ಕೇಳು ಮತ್ತೆ. ಕಾಲಿನ ಯಜಮಾನ ಎದುರಿಗೇ ಕೂತಿದ್ದಾನೆ."

"ಯಾವಾಗಿಂದ ಇದೆ?"

"ಹಿಂದೆ ಜಾಲಿಮುಳ್ಳು ನೆಟ್ಟಿತ್ತು. ಆಮೇಲೆ ಮೆಲ್ಲಗೆ ಎದ್ದಿತು. ಈಗೀಗ ನಡೆದ್ರೆ ಒತ್ತುತ್ತೆ. ಹೂಂ, ಕತ್ತಿ ಕಾಯಿಸಿ ತಾ."

ಗುರುಗಳು ಹೇಳಿದಂತೆ ಚೆನ್ನಮಲ್ಲ ಕೊಯ್ದ. ಸಣ್ಣ ಚೀಲವೊಂದು ಇಡಿಯಾಗಿ ಹೊರಬಂತು. ಅದನ್ನು ಸೀಳಿದರೆ ಒಳಗೆ ಕೆಟ್ಟ ಬೆಣ್ಣೆಯಂಥ ಬಿಳಿ ಪದಾರ್ಥ. ನಾತ ಮೂಗಿಗೆ ಬಡಿಯಿತು.

"ಇದೇನು ಬುದ್ಧಿ?"

"ಚರ್ಮ ಕಣೋ. ಮುಳ್ಳು ಅದರ ಒಂದು ಚೂರನ್ನ ಒಳಕ್ಕೆ ತಳ್ಳಿತು. ಒಳಗೆ ಹೋದ್ರೂ ಅದು ಹೊಸ ಪದರ ಬೆಳೆಸೋ ಕೆಲಸ ಬಿಡಲಿಲ್ಲ. ಹೊರಗಿದ್ದಿದ್ರೆ ಹಳೇದು ಹೊಟ್ಟಾಗಿ ಉದುರೋದು. ಒಳಗೆ ಕೂಡಿಬಿತ್ತು, ಅಷ್ಟೇ."

ಚೆನ್ನಮಲ್ಲನಿಗೆ ಹೋದ ಜೀವ ಬಂದಂತಾಯಿತು. ಅಂದು ಹೊಟ್ಟೆ ಬಿರಿಯೆ ಉಂಡ.

ಮರುದಿನ ದೇವಾಜಮ್ಮ ಎಂಬ ಮುದುಕಿ ಬಂದಳು. ಸೆರಗು ಸರಿಸಿ ಕೊರಳ ಪಕ್ಕದ ಗಂಟನ್ನು ತೋರಿಸಿದಳು. "ಇದು ನನ್ನ ಪ್ರಾಣ ತೆಗೆಯುತ್ತೇನಪ್ಪಾ?" ಎಂದಳು.

ಎಣ್ಣೆ ಕಾಯಿಸುತ್ತಿದ್ದ ಚೆನ್ನಮಲ್ಲ ಒಲೆಯ ಮುಂದಿನಿಂದಲೇ ನಕ್ಕ. "ಹೆದರಬೇಡ ಕಣಜ್ಜಿ. ಬರೀ ಚರ್ಮ ಅದು. ಗುರುಗಳಿಗೂ ಇತ್ತು. ಹೋಗಿ ನೆಮ್ಮದಿಯಾಗಿರು."

ಅಜ್ಜಿ ಕೈಮುಗಿದು ಹೊಳೆಯ ಕಡೆ ಹೊರಟಳು. ದೋಣಿ ಬಿಡುವುದರಲ್ಲಿತ್ತು.

ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ ಗುರುಗಳು ಕೇಳಿದರು, "ಅವಳ ಗಂಟು ಮುಟ್ಟಿ ನೋಡಿದೆಯೇನೋ?"

ಚೆನ್ನಮಲ್ಲನ ಕೈಯ ಸೌಟು ನಿಂತಿತು. "ಇಲ್ಲ ಬುದ್ಧಿ."

"ನೋಡದೇನೆ ನನ್ನ ಸಾಯಿಸಿದ್ದೆ. ನೋಡದೇನೆ ಅವಳನ್ನ ಬದುಕಿಸಿಬಿಟ್ಟೆ. ನಿನ್ನೊಳಗೆ ವೈದ್ಯ ಯಾವಾಗ ಬರ್ತಾನೆ, ಮರಿ?"